ಗಂಜಿಗೆ ನಂಜಿಕೊಂಡದ್ದು

ನನ್ನ ಅತ್ತೆ ವರ್ಷಗಟ್ಟಲೆ ಮೂಲೆ ಹಿಡಿದಿದ್ದರು. ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ಅವರ ಹೇಲು ಉಚ್ಚೆ ಬಾಚಿದವಳು ನಾನು. ನೋಡಲು ಬಂದವರು ಸೇವೆ, ಪುಣ್ಯ ಎಂದೆಲ್ಲ ಹೇಳಿ, ಕಾಫಿ ಕುಡಿದು ಹೋಗುತ್ತಿದ್ದರು. ಬಟ್ಟೆ ಒಗೆಯುವುದು ಮಾತ್ರ ನಾನೇ. ಅತ್ತೆಗೆ ಮಾತು ಹೋಗಿತ್ತು, ಕಣ್ಣು ನೆಟ್ಟಗಿತ್ತು. ನಾನು ಅವರ ಸೀರೆ ಬದಲಾಯಿಸುವಾಗ ಆ ಕಣ್ಣು ಗೋಡೆ ಕಡೆ ತಿರುಗಿಕೊಳ್ಳುತ್ತಿತ್ತು. ಸಾಯುವುದಕ್ಕೆ ನನಗೆ ಅಂಥ ಹೆದರಿಕೆ ಇಲ್ಲ, ಎಲ್ಲರೂ ಸಾಯುತ್ತಾರೆ. ಹಾಗೆ ಗೋಡೆ ನೋಡಿಕೊಂಡು ಮಲಗುವ ಕಾಲ ನನಗೆ ಬರಬಾರದು, ಅಷ್ಟೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಯಾರಿಗೂ ಡಾಕ್ಟರಿಕೆ ಹೇಳಿಕೊಡಲು ಹೊರಟಿಲ್ಲ. ನನಗೆ ಆದದ್ದು ಇದು.

ನಮ್ಮ ಮನೆ ಸೀತೂರಿನಲ್ಲಿ, ರಸ್ತೆ ಪಕ್ಕದಲ್ಲೇ. ಮಗ ಕುಮಾರ ನರಸಿಂಹರಾಜಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸೊಸೆ ಸುಧಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಒಂದು ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ, ಸೌಟು ಬಲಗೈಯಿಂದ ಬಿತ್ತು. ಬಗ್ಗಿ ಎತ್ತಲು ಹೋದರೆ ಬೆರಳು ಸೌಟನ್ನು ಮುಟ್ಟುತ್ತದೆ, ಹಿಡಿಯುವುದಿಲ್ಲ. ನನ್ನದೇ ಕೈ, ಯಾರದ್ದೋ ಕೈಯ ಹಾಗೆ ನೇತಾಡುತ್ತಿದೆ. ಹೆದರಿಕೆಗಿಂತ ಮೊದಲು ಆಶ್ಚರ್ಯ ಬಂತು. “ಇದೆಂತದೇ ಇದು?” ಎಂದು ಸುಧಾಳನ್ನು ಕೇಳಿದೆ. ಕೇಳಿದೆ ಎಂದು ನಾನು ತಿಳಿದುಕೊಂಡದ್ದು. ನನ್ನ ಬಾಯಿಂದ ಬಂದದ್ದು ಬರೀ ‘ಬ ಬ ಬ’ ಅಂತೆ.

ಕಾವಲಿ ಮೇಲಿನ ದೋಸೆ ಕರಕಲಾಗುವಷ್ಟರಲ್ಲಿ ಕೈ ವಾಪಸು ಬಂತು. ಮಾತೂ ಬಂತು. ನಾನು ಮೊದಲು ಹೇಳಿದ್ದು, “ಒಲೆ ಆರಿಸೆ, ಕಾವಲಿ ಹಾಳಾಗ್ತದೆ.”

ಸುಧಾ ಒಲೆ ಆರಿಸುವ ಬದಲು ಗಂಡನಿಗೆ ಫೋನ್ ಮಾಡಿದಳು.

“ಎಂತದೂ ಆಗಿಲ್ಲ, ಪಿತ್ತ ಏರಿದ್ದು” ಎಂದೆ.

“ಪಿತ್ತಕ್ಕೆ ಬಾಯಿ ಸೊಟ್ಟ ಆಗ್ತದಾ ಅತ್ತೆ? ಸುಮ್ನೆ ಚಪ್ಪಲಿ ಹಾಕ್ಕಳಿ.”

ಅವಳು ನನಗೆ ಜೋರು ಮಾಡಿದ್ದು ಅದೇ ಮೊದಲು. ಕೊನೆಯದಂತೂ ಅಲ್ಲ.

ಕೊಪ್ಪದ ಡಾಕ್ಟರಮ್ಮ ನೋಡಿದವರೇ ಸ್ಕ್ಯಾನಿಂಗಿಗೆ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಕಾಯುವುದೇ ಒಂದು ಕೆಲಸ. ಲೋಹದ್ದು ಒಂದು ಚೂರೂ ಮೈಮೇಲೆ ಇರಬಾರದು ಎಂದರು. ಬಳೆ ತೆಗೆದೆ, ಓಲೆ ತೆಗೆದೆ, ಮೂಗುಬೊಟ್ಟು ಮಾತ್ರ ಬರಲೊಲ್ಲದು. ಮದುವೆಯಲ್ಲಿ ಹಾಕಿದ್ದು, ತಿರುಪು ತುಕ್ಕು ಹಿಡಿದ ಬೋಲ್ಟಿನ ಹಾಗೆ ಕೂತುಬಿಟ್ಟಿತ್ತು. ಕುಮಾರ ಕೈ ಹಾಕಲು ಬಂದ. “ನಿನ್ನ ಪಂಪ್‌ಸೆಟ್ ಅಲ್ಲ ಇದು, ದೂರ ನಿಂತ್ಕೊ” ಎಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲದಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತೆಗೆದಳು. ಅವಳ ಗಂಡ ಒಳಗೆ ಮಲಗಿದ್ದ, ಅವನ ತಲೆಗೆ ಹಚ್ಚಲು ತಂದದ್ದು. ನನ್ನ ಗಲ್ಲ ಹಿಡಿದು, ಮೂಗಿಗೆ ಎಣ್ಣೆ ಬಿಟ್ಟು, ಮೆತ್ತಗೆ ಮೆತ್ತಗೆ ತಿರುಗಿಸಿ ತೆಗೆದಳು. ತೆಗೆದು ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಟ್ಟಳು. ಹೆಸರು ಕೇಳುವಷ್ಟರಲ್ಲಿ ನನ್ನನ್ನು ಕರೆದರು. ಹೊರಗೆ ಬಂದಾಗ ಅವಳು ಇರಲಿಲ್ಲ. ಆ ದಿನ ನನಗೆ ಆದ ಉಪಕಾರಗಳಲ್ಲಿ ದೊಡ್ಡದು ಅದೇ.

ರಿಪೋರ್ಟು ಹಿಡಿದು ಮತ್ತೆ ಕೊಪ್ಪಕ್ಕೆ ಹೋದೆವು. ಡಾಕ್ಟರಮ್ಮ ಸಣ್ಣ ಪ್ರಾಯದವರು, ನನ್ನ ಮೊಮ್ಮಗಳಿಗಿಂತ ಒಂದೈದು ವರ್ಷ ದೊಡ್ಡವರಿರಬಹುದು.

“ತಲೆಗೆ ಹೋಗೋ ರಕ್ತ ಒಂದು ಗಳಿಗೆ ತಡೆದಿತ್ತು ಅಜ್ಜಿ. ತಾನಾಗೇ ಬಿಟ್ಕೊಂಡಿದೆ. ನಿಮ್ಮ ಪುಣ್ಯ.”

“ಇನ್ನೊಂದ್ಸಲ ಬಿಟ್ಕೊಳ್ದಿದ್ರೆ? ಮೂಲೆಯಾ?”

ಅವರು ನನ್ನ ಮುಖ ನೋಡಿ, “ಆಗಬಹುದು. ಅದಕ್ಕೇ ಬಿ.ಪಿ. ಇಳಿಸ್ಬೇಕು. ತುಂಬಾ ಏರಿದೆ” ಎಂದರು. ಸುತ್ತಿ ಬಳಸದೆ ಹೇಳಿದ್ದು ನನಗೆ ಇಷ್ಟವಾಯಿತು.

ಆಮೇಲೆ ಪ್ರಶ್ನೆ ಶುರು ಮಾಡಿದರು. ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಿತ್ತೇ ಎಂದು ಕೇಳಿದರು. ನಮ್ಮತ್ತೆಗೆ ಎಂದೆ.

“ಅತ್ತೆದು ಲೆಕ್ಕಕ್ಕೆ ಬರಲ್ಲ ಅಜ್ಜಿ. ನಿಮ್ಮ ರಕ್ತ ಸಂಬಂಧದಲ್ಲಿ ಯಾರಿಗೆ?”

ಅತ್ತೆಯದ್ದೇ ನನಗೂ ಬರುತ್ತದೆಂದು ನಾನು ಇಷ್ಟು ವರ್ಷ ಹೆದರಿದ್ದೆ. ರಕ್ತವೇ ಬೇರೆ, ಹಾಗೆ ಬರುವುದಿಲ್ಲ ಎಂದು ಆ ದಿನ ತಿಳಿಯಿತು. ಆದರೆ ನನ್ನ ಅಪ್ಪ ಎದೆ ಹಿಡಿದುಕೊಂಡು ಗದ್ದೆ ಬದುವಿನ ಮೇಲೆ ಕೂತವರು ಏಳಲೇ ಇಲ್ಲ. ಅದನ್ನು ಹೇಳಿದೆ, ಬರೆದುಕೊಂಡರು. ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಕೊಬ್ಬು ಸ್ವಲ್ಪ ಹೆಚ್ಚಿತ್ತು.

“ಹೊಗೆಸೊಪ್ಪು?”

ಬಾಯಿ ಕೆಂಪಗಿರುವಾಗ ಸುಳ್ಳು ಹೇಳುವುದು ಹೇಗೆ? “ಎಲೆ ಅಡಿಕೆ ಜೊತೆ ಒಂಚೂರು” ಎಂದೆ.

“ಒಂಚೂರು ಅಂದ್ರೆ?”

“ಎಚ್ಚರ ಇದ್ದಷ್ಟು ಹೊತ್ತೂ” ಎಂದು ಸುಧಾ ಉತ್ತರ ಕೊಟ್ಟಳು.

“ಉಪ್ಪಿನಕಾಯಿ ತಿಂತೀರಾ?”

“ಮಿಡಿ ತಿಂತಿದ್ದೆ. ನೀವು ಬೇಡ ಅಂದ್ರೆ ಬಿಟ್ಟೆ.”

“ಬೇಡ. ಊಟಕ್ಕೂ ಉಪ್ಪು ಆದಷ್ಟು ಕಮ್ಮಿ. ಮಾತ್ರೆ ತಪ್ಪಿಸ್ಬಾರ್ದು.”

ದಾರಿಯಲ್ಲಿ ಕುಮಾರನನ್ನು ಕೇಳಿದೆ, “ಈ ಬಿ.ಪಿ. ಅಂದ್ರೆ ಎಂತ ಮಾರಾಯ? ಏರಿದ್ರೆ ನಂಗೆ ಗೊತ್ತಾಗ್ಬೇಕಲ್ಲ?”

“ಪೈಪಿಗೆ ಗೊತ್ತಾಗ್ತದಾ ಅಮ್ಮ? ಮೋಟರ್ ಜೋರು, ಪೈಪ್ ಹಳೇದು. ಒಡೆಯೋವರೆಗೂ ಹೊರಗಿಂದ ಚೆನ್ನಾಗೇ ಕಾಣ್ತದೆ.”

“ಹಳೇ ಪೈಪ್ ಅಂದಿದ್ದು ಯಾರಿಗೆ?”

“ಪೈಪಿಗೇ ಅಮ್ಮ.”

ಅದು ನನ್ನ ತಲೆಯಲ್ಲಿ ಕೂತಿತು. ನನ್ನ ಮೈಯೊಳಗೆ ಏನೋ ನಡೆಯುತ್ತಿದೆ, ನನಗೇ ಸುದ್ದಿ ಇಲ್ಲ. ಹೆದರಿಕೆಗಿಂತ ಹೆಚ್ಚಾಗಿ ಅದು ನನ್ನನ್ನು ಕೆಣಕಿತು. ನನ್ನ ಮನೆಯಲ್ಲಿ ನನಗೆ ಗೊತ್ತಿಲ್ಲದೆ ಸಾಸಿವೆ ಡಬ್ಬ ಅತ್ತಿತ್ತ ಹೋಗುವುದಿಲ್ಲ.

ಆವತ್ತೇ ಪಥ್ಯ ಶುರುವಾಯಿತು. ಹೊಗೆಸೊಪ್ಪು ಬಿಟ್ಟೆ. ಸುಲಭವಾಗಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಕೈ ತಾನಾಗಿ ಸೊಂಟದ ಸಂಚಿಗೆ ಹೋಗುವುದು, ಸಂಚಿ ಇಲ್ಲವೆಂದು ತಿಳಿದು ಯಾರಿಗಾದರೂ ಬೈಯುವುದು. ಸಿಕ್ಕಿದವರಿಗೆಲ್ಲ ಬೈದೆ, ಬೆಕ್ಕಿಗೂ ಬೈದೆ. ಸುಧಾ ಉಪ್ಪಿನ ಮರಿಗೆಯನ್ನೇ ಎತ್ತಿ ಅಟ್ಟಕ್ಕೆ ಹಾಕಿದಳು. ಉಳಿದವರ ಪಾಲಿನ ಉಪ್ಪು ಅವಳ ಹೊಲಿಗೆ ಮಿಶನ್ನಿನ ಡ್ರಾದೊಳಗೆ, ಬೀಗ ಹಾಕಿ. ನನಗೆ ಬೇರೆ ಪಾತ್ರೆಯಲ್ಲಿ ಸಾರು, ಬೇರೆ ಪಲ್ಯ. ಮಿಡಿ ಉಪ್ಪಿನಕಾಯಿ ಕಣ್ಣಿಗೂ ಬೀಳದ ಹಾಗೆ ಮಾಡಿದಳು. ಸಪ್ಪೆ ಸಾರು ಬಾಯಿಗೆ ಇಟ್ಟರೆ ಪಾತ್ರೆ ತೊಳೆದ ನೀರು ಕುಡಿದ ಹಾಗೆ. ನಾಲ್ಕು ತುತ್ತಿಗೇ ಸಾಕಾಗುತ್ತಿತ್ತು. ಸಾರು ಬಿಟ್ಟೆ, ಗಂಜಿಗೆ ಬಂದೆ. ಬಿಸಿ ಗಂಜಿ, ಅದಕ್ಕೊಂದು ಚೂರು ಹಳೇ ನಿಂಬೆ. ನಮ್ಮ ಕಡೆ ಕಾಯಿಲೆಯವರ ಊಟವೆಂದರೆ ಅದೇ.

ಹಳೇ ನಿಂಬೆಯ ವಿಷಯ ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಭರಣಿ ಇದೆ, ಅತ್ತೆ ಹಾಕಿದ್ದು. ನಿಂಬೆಹಣ್ಣು ಸೀಳಿ, ಉಪ್ಪು ತುಂಬಿ, ಬಿಸಿಲಿಗಿಟ್ಟು, ವರ್ಷಗಟ್ಟಲೆ ಹಾಗೇ ಬಿಟ್ಟದ್ದು. ಖಾರ ಇಲ್ಲ, ಸಾಸಿವೆ ಇಲ್ಲ. ಹಳತಾದಷ್ಟೂ ಕಪ್ಪಾಗಿ, ಡಾಂಬರಿನ ಉಂಡೆಯ ಹಾಗೆ ಆಗುತ್ತದೆ. ತಳ ಕಾಣುತ್ತ ಬಂದಾಗಲೆಲ್ಲ ಹೊಸ ಹಣ್ಣು ಸೇರಿಸುತ್ತ ಬಂದಿದ್ದೇನೆ. ಜ್ವರ ಬಂದು ನಾಲಿಗೆ ಕೆಟ್ಟವರಿಗೆ, ವಾಂತಿ ಆಗುವ ಬಸುರಿಯರಿಗೆ, ಊಟ ಸೇರದ ಮುದುಕರಿಗೆ ಊರವರು ಬಟ್ಟಲು ಹಿಡಿದು ನಮ್ಮ ಮನೆಗೆ ಬರುತ್ತಾರೆ. ಬಂದ ಬಟ್ಟಲು ಖಾಲಿ ಹೋದದ್ದಿಲ್ಲ. ಮಿಡಿಯನ್ನು ಅಡಗಿಸಿಟ್ಟ ಸುಧಾ ಈ ಭರಣಿಯನ್ನು ಮುಟ್ಟಲೂ ಇಲ್ಲ. ಅದು ಉಪ್ಪಿನಕಾಯಿ ಎಂದು ಅವಳಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ. ನಮ್ಮ ಲೆಕ್ಕದಲ್ಲಿ ಅದು ಮದ್ದು.

ಮುಂದಿನ ಸಲ ಕೊಪ್ಪಕ್ಕೆ ಹೋದಾಗ ಡಾಕ್ಟರ ಬಾಗಿಲಿನ ಹೊರಗಿನ ಬೆಂಚಿನಲ್ಲಿ ಕೂತವರೆಲ್ಲ ಬಿ.ಪಿ.ಯವರೇ. ಹರಿಹರಪುರದ ಕಡೆಯಿಂದ ಬಂದಿದ್ದ ಒಬ್ಬರು ನನ್ನನ್ನು ಕೇಳಿದರು, “ನಿಮ್ದು ಎಷ್ಟಮ್ಮ?”

“ನೂರಾ ಎಂಬತ್ತು.”

“ಅಷ್ಟೇನಾ! ನಂದು ಇನ್ನೂರು ದಾಟಿತ್ತು” ಎಂದು ಮೀಸೆ ಸವರಿಕೊಂಡರು, ಪಂದ್ಯದಲ್ಲಿ ಗೆದ್ದವರ ಹಾಗೆ.

“ಇಳೀತಾ?”

“ಇಳೀತು. ಹೆಂಡ್ತಿ ಬೈಯೋದು ಬಿಟ್ಲು.”

“ಬೈಯೋದು ಬಿಟ್ಟಿಲ್ಲ, ಇವರಿಗೆ ಕಿವಿ ಕೇಳೋದು ಬಿಟ್ಟಿದೆ” ಎಂದಳು ಹೆಂಡತಿ, ಅವರ ಆಚೆ ಕೂತಿದ್ದವಳು. ಬೆಂಚು ಪೂರ್ತಿ ನಕ್ಕಿತು. ನನಗೆ ಆ ಬೆಂಚಿನಲ್ಲಿ ಕೂತದ್ದು ಒಂದು ರೀತಿ ಹಗುರವಾಯಿತು. ಇಷ್ಟು ಜನರ ಪೈಪು ಹಳೆಯದಾಗಿದೆ, ನನ್ನದೊಂದೇ ಅಲ್ಲ.

ಒಳಗೆ ಹೋದರೆ ನಗು ಹೋಯಿತು. ನನ್ನ ಬಿ.ಪಿ. ಇಳಿದಿರಲಿಲ್ಲ. ಇನ್ನೂ ಏರಿತ್ತು. ಡಾಕ್ಟರಮ್ಮ ಎರಡು ಸಲ ನೋಡಿದರು.

“ಅಜ್ಜಿ, ಬೈಯಲ್ಲ, ನಿಜ ಹೇಳಿ. ಮಾತ್ರೆ ತಗೋತಿದೀರಾ?”

ನನಗೆ ಉರಿದುಹೋಯಿತು. “ತಗೊಳ್ದೆ ಎಂತ, ದನಕ್ಕೆ ಹಾಕ್ತೀನಾ?”

“ಉಪ್ಪು?”

“ಮರಿಗೆ ಅಟ್ಟದ ಮೇಲಿದೆ. ಇವಳನ್ನೇ ಕೇಳಿ.”

ಸುಧಾ ಹೌದೆಂದಳು. ಡಾಕ್ಟರಮ್ಮ ಇನ್ನೊಂದು ಮಾತ್ರೆ ಬರೆದರು. ಮನೆಗೆ ಬರುವವರೆಗೂ ನಾನು ಕಾರಿನಲ್ಲಿ ಬಲಗೈ ಬೆರಳು ಮಡಚುವುದು, ಬಿಡಿಸುವುದು ಮಾಡುತ್ತ ಕೂತೆ. ಈಗ ಹಿಡಿಯುತ್ತದೆ. ನಾಳೆ?

ಕುಮಾರ ಒಂದು ಬಿ.ಪಿ. ಮಿಶನ್ ತಂದ. ತೋಳಿಗೆ ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ಅಂಕಿ ತೋರಿಸುತ್ತದೆ. ನನಗೆ ಅಂಕಿ ಓದಲು ಬರುತ್ತದೆ, ಅಷ್ಟು ಸಾಕು. ಆ ಮಿಶನ್ ಬಂದ ಮೇಲೆ ನನಗೆ ಹೊಸ ಕೆಲಸ ಸಿಕ್ಕಿತು. ಎದ್ದ ಕೂಡಲೇ ನೋಡುವುದು. ಗಂಟೆಗಟ್ಟಲೆ ಸುಮ್ಮನೆ ಕೂತು ನೋಡುವುದು, ಯಾರಿಗಾದರೂ ಬೈದು ನೋಡುವುದು. ಬೈದರೆ ಸ್ವಲ್ಪ ಏರುತ್ತದೆ, ಖುಷಿಯಾಗುತ್ತದೆ, ಮತ್ತೆ ಇಳಿಯುತ್ತದೆ. ಕುಮಾರನದ್ದು ನೋಡಿದೆ, ಸುಧಾಳದ್ದು ನೋಡಿದೆ, ಆಚೆಮನೆಯ ರತ್ನ ಹಾಲು ಕೇಳಲು ಬಂದರೆ ಅವಳದ್ದೂ ನೋಡಿದೆ. “ಇದೆಂತ ಗಂಗಕ್ಕ, ಹಾಲಿಗೆ ಬಂದ್ರೆ ಕೈ ಕಟ್ತೀರಿ!” ಎಂದಳು. ಎಲ್ಲರದ್ದೂ ಸರಿಯಿತ್ತು. ನನ್ನದು ಮಾತ್ರ ನೂರಾ ಎಪ್ಪತ್ತು ಬಿಟ್ಟು ಕೆಳಗೆ ಬರದು.

ಆ ಹೊತ್ತಿಗೆ ನೆಮ್ಮಾರಿನಲ್ಲಿರುವ ಮಗಳು ಲಲಿತನ ಮಗಳಿಗೆ ಹೆರಿಗೆ ಆಯಿತು. ಬಾಣಂತನಕ್ಕೆ ಒಂದು ಹಿರಿ ತಲೆ ಇರಲಿ ಎಂದು ಲಲಿತ ಕರೆದಳು. ಮಿಶನ್ ಚೀಲಕ್ಕೆ ಹಾಕಿಕೊಂಡು ಹೋದೆ. ಮಗುವಿಗೆ ಎಣ್ಣೆ ತಿಕ್ಕುವುದು, ಬಾಣಂತಿಗೆ ನೀರು ಹಾಕುವುದು, ಕೆಲಸ ಏನೂ ಕಮ್ಮಿ ಇರಲಿಲ್ಲ. ರಾತ್ರಿ ಮಗು ಅಳುವುದರಿಂದ ನಿದ್ದೆಯೂ ಅಷ್ಟಕ್ಕಷ್ಟೆ. ಆದರೆ ದಿನ ಕಳೆದ ಹಾಗೆ ಬಿ.ಪಿ. ಇಳಿಯುತ್ತ ಬಂತು. ಹೋಗಿ ಹೋಗಿ ನೂರಾ ನಲವತ್ತಕ್ಕೆ ಬಂದು ನಿಂತಿತು. ಮಿಶನ್ ಕೆಟ್ಟಿತೇನೋ ಎಂದು ಅಳಿಯನ ತೋಳಿಗೆ ಕಟ್ಟಿ ನೋಡಿದೆ. ಕೆಟ್ಟಿರಲಿಲ್ಲ.

“ಹೊಸ ಮಾತ್ರೆ ಹಿಡೀತು ಅಮ್ಮ” ಎಂದಳು ಲಲಿತ. ಇರಬಹುದು ಎಂದುಕೊಂಡೆ.

ಸೀತೂರಿಗೆ ವಾಪಸು ಬಂದೆ. ಅದೇ ಮಾತ್ರೆ, ಅದೇ ಹೊತ್ತಿಗೆ. ಒಂದು ವಾರ ಆಗುವಷ್ಟರಲ್ಲಿ ಅಂಕಿ ಮತ್ತೆ ಮೇಲೆ ಹೋಗಿ ಕೂತಿತು. ನಾನು ಯೋಚನೆ ಮಾಡಿದೆ. ಅಲ್ಲಿ ಇಳಿಯುತ್ತದೆ, ಇಲ್ಲಿ ಏರುತ್ತದೆ. ಅಲ್ಲಿ ಇಲ್ಲದ್ದು ಇಲ್ಲಿ ಏನಿದೆ? ಬೆಳಿಗ್ಗೆ ಮೂವರೂ ತಿಂಡಿಗೆ ಕೂತಿದ್ದಾಗ ಹೇಳಿದೆ.

“ಕಾರಣ ಸಿಕ್ತು.”

“ಎಂತ?” ಎಂದಳು ಸುಧಾ.

“ನೀನು.”

ಕುಮಾರನ ಗಂಟಲಲ್ಲಿ ಇಡ್ಲಿ ಸಿಕ್ಕಿಕೊಂಡಿತು. ಸುಧಾ ತಟ್ಟೆ ಕೆಳಗಿಟ್ಟಳು. ಅವಳು ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಸರಿ ಅತ್ತೆ. ನಾನು ಒಂದು ವಾರ ತವರಿಗೆ ಹೋಗ್ತೀನಿ. ದಿನಾ ಮಿಶನ್ ಕಟ್ಕೊಂಡು ನೋಡಿ. ಇಳಿದ್ರೆ ನಾನು ಅಲ್ಲೇ ಇರ್ತೀನಿ, ನಿಮ್ಮ ಮಗ ಬೇಕಾದ್ರೆ ಬರ್ಲಿ. ಇಳೀದಿದ್ರೆ ನೀವೇ ಫೋನ್ ಮಾಡಿ ಕರೀಬೇಕು. ಇವರು ಮಾಡಿದ್ರೆ ಬರಲ್ಲ.”

“ಹೋಗು. ನೋಡೇ ಬಿಡಣ.”

“ನೋಡೇ ಬಿಡಣ.”

ಅವಳು ಬಾಳೆಹೊನ್ನೂರಿನ ಬಸ್ಸು ಹತ್ತಿದಳು. ಕುಮಾರ ಮುಖ ಗಂಟು ಹಾಕಿಕೊಂಡು ಪೇಟೆಯ ಹೋಟೆಲಿನಲ್ಲೇ ಊಟ ಮುಗಿಸಿ ಬರತೊಡಗಿದ. ನನ್ನೊಬ್ಬಳಿಗೆ ಅಡುಗೆ ಎಂತ ಮಾಡುವುದು? ಬೆಳಿಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ಸಂಜೆಯೂ ಗಂಜಿ. ಮನೆಯಲ್ಲಿ ಜಗಳ ಇಲ್ಲ, ಹೊಲಿಗೆ ಮಿಶನ್ನಿನ ಟರ್ ಟರ್ ಇಲ್ಲ, ಸದ್ದೇ ಇಲ್ಲ. ಬಿ.ಪಿ. ಮಾತ್ರ ಇಳಿಯುವ ಬದಲು ದಿನಾ ಒಂದೊಂದು ಮೆಟ್ಟಿಲು ಹತ್ತಿತು. ಒಂದು ಬೆಳಿಗ್ಗೆ ನೂರಾ ತೊಂಬತ್ತು ತೋರಿಸಿತು. ತಲೆ ಭಾರ ಆಯಿತು. ನಾನು ಗೋಡೆ ಕಡೆ ತಿರುಗಿ ಮಲಗಿದೆ. ಮಲಗಿದ ಮೇಲೆ ಎಲ್ಲಿ ನೋಡುತ್ತಿದ್ದೇನೆ ಎಂದು ಗೊತ್ತಾಗಿ ದಡಕ್ಕನೆ ಎದ್ದು ಕೂತೆ. ಆ ಗೋಡೆ ಅತ್ತೆ ನೋಡುತ್ತಿದ್ದ ಗೋಡೆಯೇ.

ಫೋನ್ ಮಾಡಿದೆ.

“ಯಾವಾಗ ಬರ್ತೀಯ?”

“ಮಿಶನ್ ಎಂತ ಹೇಳ್ತು ಅತ್ತೆ?”

“ಏರಿದೆ.”

“ಹಾಗಾದ್ರೆ?”

“ನೀನಲ್ಲ.”

“ಎಂತ? ಕೇಳ್ಲಿಲ್ಲ. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ.”

“ನೀನಲ್ಲ ಅಂದೆ ಮಾರಾಯ್ತಿ!”

“ತಡೀರಿ, ಸ್ಪೀಕರ್ ಹಾಕ್ತೀನಿ. ಇನ್ನೊಂದ್ಸಲ ಹೇಳಿ, ನಮ್ಮಮ್ಮನಿಗೂ ಕೇಳ್ಲಿ.”

ಹೇಳಿದೆ. ಮೂಲೆ ಹಿಡಿಯುವುದಕ್ಕಿಂತ ಅದು ಸುಲಭ.

ಸಂಜೆ ಬಸ್ಸಿಗೆ ಅವಳು ಬಂದಳು. ನನ್ನ ಮುಖ ನೋಡಿದವಳೇ ಕುಮಾರನನ್ನು ಕರೆದು ಕೊಪ್ಪಕ್ಕೆ ಫೋನ್ ಮಾಡಿಸಿದಳು. ಮಾರನೇ ದಿನ ಬೆಳಿಗ್ಗೆ ಬನ್ನಿ, ಅಷ್ಟರಲ್ಲಿ ಕೈಕಾಲು ಸೋತರೆ ಒಂದು ಗಳಿಗೆಯೂ ಕಾಯಬೇಡಿ ಎಂದರು. ಚೀಲ ಕೆಳಗಿಟ್ಟು ಸುಧಾ ಅಡುಗೆಮನೆಯಲ್ಲಿ ನನ್ನೆದುರು ಕೂತಳು, ರವಿಕೆಗೆ ಅಳತೆ ತೆಗೆಯುವವಳ ಹಾಗೆ.

“ನಾನಲ್ಲ. ಮತ್ತೆ ಎಂತ? ನಾನಿಲ್ದಾಗ ಎಂತ ಉಂಡ್ರಿ?”

“ಗಂಜಿ.”

“ದಿನಾ?”

“ಮೂರು ಹೊತ್ತೂ.”

“ನೆಮ್ಮಾರಲ್ಲಿ?”

“ಬಾಣಂತಿಗೆ ಮಾಡಿದ್ದೇ ನಂಗೂ. ಮೆತ್ತನೆ ಅನ್ನ, ಮೆಣಸಿನ ಸಾರು, ತುಪ್ಪ.”

“ನಂಜಿಕೊಳ್ಳಕ್ಕೆ?”

“ಎಂತದೂ ಇಲ್ಲ. ಬಾಣಂತಿ ಇರೋ ಮನೇಲಿ ಹುಳಿ ಭರಣಿ ಹೊರಗಿಡ್ತಾರಾ? ಕಂಡ್ರೆ ಆಸೆ ಆಗ್ತದೆ ಅಂತ ಲಲಿತ ಎಲ್ಲ ಒಳಗಿಟ್ಟು…”

ಅಲ್ಲಿಗೆ ನನ್ನ ಮಾತು ನಿಂತಿತು. ಇಬ್ಬರೂ ಒಟ್ಟಿಗೆ ತಲೆ ಎತ್ತಿ ನೋಡಿದೆವು. ಗೋಡೆಯ ನಾಗಂದಿಗೆ ಮೇಲೆ ಅತ್ತೆಯ ಭರಣಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿತ್ತು.

“ಅದು ಮದ್ದು ಕಣೆ” ಎಂದೆ.

“ಮದ್ದಾದ್ರೆ ಮದ್ದು. ನೋಡಣ.”

ಮಾರನೇ ದಿನ ಡಾಕ್ಟರ ಹತ್ತಿರ ಹೊರಡುವ ಮೊದಲು ನಾನು ಒಂದು ಊಟಕ್ಕೆ ಹಾಕಿಕೊಳ್ಳುವಷ್ಟೇ ನಿಂಬೆ ಚೂರನ್ನು ಸುಧಾ ಕೇಳಿ ತೆಗೆಸಿ, ಒಂದು ಲೋಟ ನೀರಿನಲ್ಲಿ ಕಿವಿಚಿ ಇಟ್ಟಳು. ಆಮೇಲೆ ಸೋಸಿ, ಆ ನೀರನ್ನು ಸ್ಟೀಲಿನ ಬಟ್ಟಲಿಗೆ ಹಾಕಿ ಒಲೆ ಮೇಲಿಟ್ಟಳು. ನಾವಿಬ್ಬರೂ ಪಕ್ಕದಲ್ಲಿ ನಿಂತು ನೋಡಿದೆವು. ಕುಮಾರ ಹೊರಗೆ ಕಾರಿನ ಹಾರ್ನ್ ಹೊಡೆಯುತ್ತಿದ್ದ. ನೀರು ಕುದಿಯಿತು, ಇಂಗಿತು, ತಳದಲ್ಲಿ ಚಟಪಟ ಎಂದಿತು. ಕಂದು ಬಣ್ಣದ ನಡುವೆ ಬೆಳ್ಳಗೆ ಪೊರೆ ಕಟ್ಟಿತು. ಸುಧಾ ಬಟ್ಟಲು ತಣಿಸಿ, ಚಮಚದಲ್ಲಿ ಕೆರೆದು, ನನ್ನ ಅಂಗೈ ಮೇಲೆ ಸುರಿದಳು. ನಾಲಿಗೆಗೆ ಮುಟ್ಟಿಸುವ ಅಗತ್ಯವೇ ಇರಲಿಲ್ಲ. ಮೊದಲು ನನ್ನ ಸಾರಿಗೆ ಹಾಕಿಕೊಳ್ಳುತ್ತಿದ್ದ ಉಪ್ಪಿಗೆ ಅದು ಏನೂ ಕಮ್ಮಿ ಇರಲಿಲ್ಲ. ಅದೂ ಒಂದು ಹೊತ್ತಿನದು.

“ಮರಿಗೆನ ಅಟ್ಟಕ್ಕೆ ಹತ್ತಿಸಿದೀವಿ” ಎಂದಳು ಸುಧಾ. “ಉಪ್ಪು ನಾಗಂದಿಗೆಯಿಂದ ಇಳಿದು ಬರ್ತಿದೆ.”

ಪಥ್ಯ ಬಿಗಿ ಮಾಡಿದಷ್ಟೂ ಸಾರು ಬಿಟ್ಟೆ. ಸಾರು ಬಿಟ್ಟಷ್ಟೂ ಗಂಜಿ ಉಂಡೆ. ಗಂಜಿ ಉಂಡಷ್ಟೂ ನಿಂಬೆ. ಸೊಸೆ ತವರಿಗೆ ಹೋಗಿದ್ದ ವಾರ ಮೂರು ಹೊತ್ತೂ. ಕಾಯಿಲೆಯವಳೆಂದು ನಾನು ಹಟ ಹಿಡಿದು ನುಂಗುತ್ತಿದ್ದದ್ದು ಬೇಡವೆಂದ ಉಪ್ಪನ್ನೇ. ಅತ್ತೆಯ ರಕ್ತ ನನಗೆ ಬರಲಿಲ್ಲ, ಅತ್ತೆಯ ಭರಣಿ ಬಂತು. ಅವರ ಬಿ.ಪಿ. ಎಷ್ಟಿತ್ತೋ, ಆಗ ನಮ್ಮ ಮನೆಯಲ್ಲಿ ನೋಡುವವರು ಯಾರಿದ್ದರು?

ಕೊಪ್ಪದಲ್ಲಿ ಡಾಕ್ಟರಮ್ಮನಿಗೆ ಹೇಳಿದೆವು. ಸುಧಾ ಕೆರೆದ ಉಪ್ಪನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡೇ ಬಂದಿದ್ದಳು. ಅವರು ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕರು.

“ನಾನು ಉಪ್ಪಿನಕಾಯಿ ತಿಂತೀರಾ ಅಂತ ಕೇಳಿದ್ನಲ್ಲ ಅಜ್ಜಿ?”

“ಉಪ್ಪಿನಕಾಯಿ ಕೇಳಿದ್ರಿ. ನಿಂಬೆ ಕೇಳ್ಲಿಲ್ಲ.”

“ನಮ್ಮಜ್ಜಿನೂ ಜ್ವರ ಬಂದ್ರೆ ಅದನ್ನೇ ಕೊಡ್ತಿದ್ರು. ನಂಗೇ ಹೊಳೀಬೇಕಿತ್ತು.” ಆಮೇಲೆ ನಗು ನಿಲ್ಲಿಸಿ ಹೇಳಿದರು, “ಆದ್ರೆ ನಿಂಬೆ ಬಿಟ್ಟೆ ಅಂತ ಮಾತ್ರೆ ಬಿಡಬೇಡಿ. ನಿಮ್ಮಪ್ಪನ ಕಡೆಯಿಂದ ಬಂದಿದ್ದು, ವಯಸ್ಸು, ಇಷ್ಟು ವರ್ಷ ಹಾಕಿದ ಹೊಗೆಸೊಪ್ಪು, ಎಲ್ಲ ಸೇರಿದೆ. ಕಳ್ಳ ಒಬ್ಬನೇ ಅಲ್ಲ.”

ಅಪ್ಪನನ್ನು ಬದಲಾಯಿಸಲು ಆಗುವುದಿಲ್ಲ, ವಯಸ್ಸನ್ನೂ ಆಗುವುದಿಲ್ಲ. ಹೊಗೆಸೊಪ್ಪು ಹೋಯಿತು, ನಿಂಬೆ ಹೋಯಿತು. ಮಳೆ ಇಲ್ಲದ ದಿನ ರಸ್ತೆಯಲ್ಲಿ ಶಾಲೆಯವರೆಗೆ ನಡೆದು ಬರುತ್ತೇನೆ. ಬಿ.ಪಿ. ನಿಧಾನಕ್ಕೆ ಇಳಿಯಿತು. ಒಂದೊಂದು ದಿನ ಕಾರಣ ಇಲ್ಲದೆ ಏರುತ್ತದೆ. ಆಗ ಸುಧಾ ಬಂದು ಎದುರಿಗೆ ನಿಲ್ಲುತ್ತಾಳೆ. “ನಾನಾ ಅತ್ತೆ?” ಎಂದು ಕೇಳುತ್ತಾಳೆ. ಇವಳ ಬಾಯಿಗೆ ಯಾವ ಮಾತ್ರೆಯೂ ಇಲ್ಲ.

ಮೊನ್ನೆ ಆಚೆಮನೆ ರತ್ನನ ಗಂಡ ತಿಮ್ಮಪ್ಪನಿಗೆ ಎದೆನೋವು ಬಂದು, ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ. ಮನೆಗೆ ಬಂದ ಮಾರನೇ ದಿನವೇ ರತ್ನ ಬಟ್ಟಲು ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ಗಂಗಕ್ಕ, ಇವರಿಗೆ ಊಟವೇ ಸೇರ್ತಿಲ್ಲ. ಗಂಜಿ ಮಾಡಿದೀನಿ. ಒಂಚೂರು ಹಳೇ ನಿಂಬೆ ಕೊಡಿ.”

“ಕೊಡಲ್ಲ.”

ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನು ನಗಲಿಲ್ಲ. ಕಾರಣ ಹೇಳಿದೆ, ನಿಂಬೆ ನೀರು ಕುದಿಸಿದಾಗ ತಳದಲ್ಲಿ ಉಪ್ಪು ಉಳಿದದ್ದನ್ನೂ ಹೇಳಿದೆ. ಅವಳ ಕಿವಿಗೆ ‘ಕೊಡಲ್ಲ’ ಎಂಬುದೊಂದೇ ಹೋಗಿತ್ತು.

“ನಿಮ್ಮತ್ತೆ ಇದ್ದಿದ್ರೆ ಹೀಗೆ ಅಂತಿರ್ಲಿಲ್ಲ. ಊರಿಗೆಲ್ಲ ಕೊಟ್ಟ ಭರಣಿ, ನನ್ನ ಗಂಡ ಸಾಯೋ ಹೊತ್ತಿಗೆ ಮುಚ್ಕೊಳ್ತಾ?”

ಬಂದ ಬಟ್ಟಲು ಖಾಲಿ ಕಳಿಸಲು ನನಗೂ ಮನಸ್ಸು ಬರಲಿಲ್ಲ. ಹಿತ್ತಲಿಗೆ ಹೋಗಿ ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು ತಂದು ಬಟ್ಟಲಿಗೆ ಹಾಕಿದೆ. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಬಟ್ಟಲು ಎತ್ತಿಕೊಂಡು ಹೋದಳು. ಸಂಜೆಯೊಳಗೆ ನಾನು ಜಿಪುಣಿ ಎಂದು ಹಾಲಿನ ಡೈರಿಯವರೆಗೂ ಸುದ್ದಿ ಹೋಗಿತ್ತು.

ಸುಧಾ ಹೇಳಿದಳು, “ಇಲ್ಲಿ ಸಿಗ್ಲಿಲ್ಲ ಅಂದ್ರೆ ಬೇರೆ ಮನೇಲಿ ಸಿಗ್ತದೆ ಅತ್ತೆ.”

ಅವಳು ಹೇಳಿದ್ದು ಸರಿ. ಎಲ್ಲರ ಮನೆಯಲ್ಲೂ ಒಂದು ಭರಣಿ ಇದೆ. ಮಿಶನ್ ಕಂಕುಳಿಗೆ ಇಟ್ಟುಕೊಂಡು ಹೋದೆ. ತಿಮ್ಮಪ್ಪ ಜಗಲಿಯಲ್ಲಿ ಕೂತಿದ್ದ. ಮುಂದೆ ಗಂಜಿ ತಟ್ಟೆ, ಅಂಚಿನಲ್ಲಿ ಕಪ್ಪಗೆ ಒಂದು ಚೂರು, ಯಾರ ಮನೆಯದ್ದೋ. ಆಳು ಬಾಡಿಹೋಗಿದ್ದ.

“ಅಕ್ಕ, ನಂಗೆ ಕೊಡಲ್ಲ ಅಂದ್ರಂತೆ?”

“ಹೌದು. ನಮ್ಮತ್ತೆ ಮಲಗಿದ್ದನ್ನ ನೀನು ನೋಡಿದೀಯಲ್ಲ ತಿಮ್ಮಪ್ಪ?”

ಅವನು ತಲೆ ಆಡಿಸಿದ.

“ರತ್ನ ನಿನ್ನ ಹೇಲು ಬಾಚ್ಬೇಕಾ?”

ಒಳಗಿನಿಂದ ರತ್ನ, “ಥೋ ಗಂಗಕ್ಕ, ಉಣ್ಣೋ ಹೊತ್ತಿಗೆ!” ಎಂದಳು. ತಿಮ್ಮಪ್ಪ ತಟ್ಟೆಯನ್ನು ನೋಡಿದ. ಆಮೇಲೆ ಆ ಕಪ್ಪು ಚೂರನ್ನು ಬೆರಳಲ್ಲಿ ಎತ್ತಿ ಜಗಲಿಯ ಕಟ್ಟೆ ಮೇಲಿಟ್ಟ. ನನ್ನ ನಿಂಬೆಹಣ್ಣು ಅಲ್ಲೇ ಬಟ್ಟಲಿನಲ್ಲಿ ಬಿದ್ದಿತ್ತು. ರತ್ನನ ಹತ್ತಿರ ಕೊಯ್ಯಿಸಿ, ಅರ್ಧ ಹೋಳು ಅವನ ಗಂಜಿಗೆ ಹಿಂಡಿದೆ. ಒಂದು ಚಮಚ ಬಾಯಿಗೆ ಹಾಕಿಕೊಂಡ.

“ಸಪ್ಪೆ.”

“ಸಪ್ಪೆಯೇ. ರತ್ನ, ನಂಗೂ ಒಂದು ತಟ್ಟೆ ಹಾಕು.”

ಅವಳು ಮುಖ ಊದಿಸಿಕೊಂಡೇ ತಂದಿಟ್ಟಳು. ಉಳಿದ ಅರ್ಧ ಹೋಳನ್ನು ನಾನು ಹಿಂಡಿಕೊಂಡೆ. ತಿಮ್ಮಪ್ಪ ಉಣ್ಣುವುದು ಬಿಟ್ಟು ನನ್ನ ಬಲಗೈಯನ್ನೇ ನೋಡುತ್ತಿದ್ದ. ಗಂಜಿ ತುಂಬಿದ ಚಮಚ ಬಾಯಿವರೆಗೆ ಹೋಯಿತು. ಒಂದು ಹನಿಯೂ ಚೆಲ್ಲಲಿಲ್ಲ.